ಹೊಲದ ಹೆಸರು ‘ಅದೃಷ್ಟ’: ಲಾಸ್ ಏಂಜಲೀಸಿನ ಹಳೆಯ ನಕ್ಷೆಯನ್ನು ಕನ್ನಡಕ್ಕೆ ತರುವಾಗ

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಾಂತರದ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಹೇಳಿದಾಗ, ನಾನು ಗಜಲ್‌ಗಳ ಅನುವಾದದ ಬಗ್ಗೆಯೋ ವಚನಗಳ ಅನುವಾದದ ಬಗ್ಗೆಯೋ ಹೇಳಬಹುದೆಂದು ಅವರು ಅಂದುಕೊಂಡಿರಬೇಕು. ಉರ್ದು, ಕನ್ನಡ ಎರಡನ್ನೂ ಕಲಿಸುವವರಿಂದ ಬೇರೇನು ನಿರೀಕ್ಷಿಸುತ್ತಾರೆ? ಆದರೆ ನಾನು ಇಂದು ಮಾತನಾಡಲಿರುವುದು ಜಮೀನಿನ ನಕ್ಷೆಯೊಂದರ ಬಗ್ಗೆ. ಅದೂ ನಮ್ಮ ಊರಿನದಲ್ಲ, ಅಮೆರಿಕದ ಲಾಸ್ ಏಂಜಲೀಸಿನದು. ಸಿನಿಮಾದ ಊರು ಎಂದು ನಿಮಗೆಲ್ಲ ಗೊತ್ತು. 1781ರಲ್ಲಿ ಅದು ಹನ್ನೊಂದು ಕುಟುಂಬಗಳ ಹಳ್ಳಿಯಾಗಿ ಹುಟ್ಟಿತು. 1786ರಲ್ಲಿ ಆ ಹಳ್ಳಿಯ ಜಮೀನನ್ನು ಅಳೆದು, ಹಂಚಿ, ನಕ್ಷೆ ಬರೆದರು. ಆಗ ಕ್ಯಾಲಿಫೋರ್ನಿಯಾ ಸ್ಪೇನ್ ದೊರೆಯ ವಶದಲ್ಲಿತ್ತು. ಆದ್ದರಿಂದ ನಕ್ಷೆಯಲ್ಲಿ, ಜೊತೆಗಿನ ಹಕ್ಕುಪತ್ರಗಳಲ್ಲಿ ಇರುವುದು ಸ್ಪ್ಯಾನಿಷ್ ಭಾಷೆ.

ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಗೆ ನಕ್ಷೆ ಓದುವ ಪಾಠದ ಜೊತೆ ಒಂದು ಚಟುವಟಿಕೆ ಬೇಕಾಗಿತ್ತು. ಹ್ಯೂಬರ್ಟ್ ಹೋವ್ ಬ್ಯಾಂಕ್ರಾಫ್ಟ್ ಎಂಬ ಇತಿಹಾಸಕಾರ 1884ರಲ್ಲಿ ಅಚ್ಚು ಹಾಕಿಸಿದ ಕ್ಯಾಲಿಫೋರ್ನಿಯಾ ಇತಿಹಾಸದ ಮೊದಲ ಸಂಪುಟದಲ್ಲಿ ಈ ನಕ್ಷೆಯ ಪ್ರತಿ ಇದೆ. ಒಂದರಲ್ಲಿ ಊರು, ಇನ್ನೊಂದರಲ್ಲಿ ಹೊಲಗಳು. ನೋಡಲು ಬಹಳ ಸರಳ. ಊರ ನಡುವೆ ಒಂದು ಚೌಕ, ಸುತ್ತ ನಿವೇಶನಗಳು. ಹೊಲಗಳ ನಕ್ಷೆಯಲ್ಲಿ ಒಂದು ನದಿ, ಒಂದು ಕಾಲುವೆ, ಸಾಲಾಗಿ ಹೊಲದ ತುಂಡುಗಳು. ಯಾರದು ಯಾವುದು ಎಂದು ತಿಳಿಸಲು ಗುರುತುಗಳು. ಮೂಲ ಕಾಗದಗಳ ಬಹುಭಾಗ 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎದ್ದ ಬೆಂಕಿಯಲ್ಲಿ ಸುಟ್ಟುಹೋದವು. ಬ್ಯಾಂಕ್ರಾಫ್ಟ್ ಅದಕ್ಕೆ ಮೊದಲೇ ಗುಮಾಸ್ತರನ್ನು ಕೂರಿಸಿ ನಕಲು ಮಾಡಿಸಿದ್ದರಿಂದ ನಮಗೆ ಇಷ್ಟಾದರೂ ಉಳಿದಿದೆ. ನಕಲಿನ ನಕಲನ್ನು ಓದುತ್ತಿದ್ದೇವೆ ಎಂಬುದು ನೆನಪಿರಲಿ.

ನಾನು ನಕ್ಷೆಯ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಗೆ ಸ್ಪ್ಯಾನಿಷ್–ಇಂಗ್ಲಿಷ್ ನಿಘಂಟು ಕೊಟ್ಟು, ಕನ್ನಡಕ್ಕೆ ತನ್ನಿ ಎಂದೆ. ಹತ್ತೋ ಹನ್ನೆರಡೋ ಪದಗಳು, ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಬಂದ ಉತ್ತರಗಳನ್ನು ಕೇಳಿ. ‘ಸೊಲಾರ್’ ಎಂಬಲ್ಲಿ ಒಬ್ಬ ಹುಡುಗ ‘ಸೌರಶಕ್ತಿ’ ಎಂದು ಬರೆದಿದ್ದ. 1786ರಲ್ಲಿ! ‘ರಿಯಲೆಂಗಾಸ್’ ಎಂಬಲ್ಲಿ ಇಂಗ್ಲಿಷಿನ ರಿಯಲ್ ಅನ್ನು ನೆನೆದು ‘ನಿಜವಾದ ಜಮೀನು’ ಎಂದು ಒಬ್ಬಳು. ಹಾಗಾದರೆ ಉಳಿದದ್ದೆಲ್ಲ ಸುಳ್ಳು ಜಮೀನೇ ಎಂದು ಅವಳ ಪಕ್ಕದವಳು ಕೇಳಿದಳು. ‘ಪ್ರೊಪಿಯೋಸ್’ ಎಂಬುದಕ್ಕೆ ಎಲ್ಲರೂ ‘ಸ್ವಂತ ಜಮೀನು’ ಎಂದು ಬರೆದರು. ಹೊಲದ ಒಂದೊಂದು ತುಂಡಿಗೂ ಬಳಸುವ ‘ಸುವೆರ್ತೆ’ ಎಂಬ ಪದಕ್ಕೆ ನಿಘಂಟು ‘ಅದೃಷ್ಟ’ ಎಂದಿತ್ತು. ಹಾಗಾಗಿ ನಮ್ಮ ಮಕ್ಕಳ ನಕ್ಷೆಯಲ್ಲಿ ನದಿಯ ಪಕ್ಕದಲ್ಲಿ ಅದೃಷ್ಟ ಒಂದು, ಅದೃಷ್ಟ ಎರಡು, ಅದೃಷ್ಟ ಮೂರು ಎಂದು ಸಾಲಾಗಿ ನಿಂತಿದ್ದವು.

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ‘ಅದೃಷ್ಟ’ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅದು ತಪ್ಪಾದ ಉತ್ತರವೂ ಅಲ್ಲ. ಹೊಸ ಊರಿನ ಹೊಲಗಳನ್ನು ಸರ್ಕಾರ ಚೀಟಿ ಎತ್ತಿ ಹಂಚುತ್ತಿತ್ತು. ಯಾರಿಗೆ ಯಾವ ತುಂಡು ಎಂಬುದು ಚೀಟಿಯ ಮೇಲೆ. ಆದ್ದರಿಂದ ಹೊಲದ ತುಂಡಿಗೇ ಸುವೆರ್ತೆ ಎಂಬ ಹೆಸರು ಬಿತ್ತು. ಲ್ಯಾಟಿನ್ ಮೂಲದಲ್ಲಿಯೇ ಆ ಪದಕ್ಕೆ ಚೀಟಿ, ಪಾಲು, ವಿಧಿ ಎಂಬ ಮೂರು ಅರ್ಥಗಳೂ ಇವೆ.

ಇಲ್ಲಿ ಉರ್ದು ಮಕ್ಕಳಿಗೆ ಒಂದು ಮಾತು. ನಾವು ದಿನಕ್ಕೆ ಹತ್ತು ಸಲ ‘ಕಿಸ್ಮತ್’ ಎನ್ನುತ್ತೇವಲ್ಲ, ಅದರ ಅರಬ್ಬಿ ಮೂಲ ಏನು? ಖಸಮ, ಎಂದರೆ ಹಂಚಿದನು. ತಕ್ಸೀಮ್ ಎಂಬ ಪದವೂ ಅದೇ ಬೇರಿನದು. ಕಿಸ್ಮತ್ ಎಂದರೆ ಮೊದಲು ಪಾಲು, ಆಮೇಲೆ ಹಣೆಬರಹ. ‘ನಸೀಬ್’ ಕೂಡ ಹಾಗೆಯೇ. ಬಂಗಾಳದ ಹಳೆಯ ಕಂದಾಯ ಕಡತಗಳಲ್ಲಿ ಕಿಸ್ಮತ್ ಎಂದರೆ ಹಳ್ಳಿಯ ಒಂದು ಭಾಗ. ಹಾಗಾಗಿ ಸ್ಪ್ಯಾನಿಷಿನ ಸುವೆರ್ತೆಗೆ ಉರ್ದುವಿನಲ್ಲಿ ಕಿಸ್ಮತ್ ಎಂದರೆ ಅಕ್ಷರಶಃ ಸರಿಯಾದ ಅನುವಾದ. ಕನ್ನಡದಲ್ಲಿ? ಎರಡು ದಿನ ಯೋಚಿಸಿದೆ. ಉತ್ತರ ಅಡುಗೆಮನೆಯಲ್ಲಿ ಸಿಕ್ಕಿತು. ಅನ್ನ ಸ್ವಲ್ಪ ಕಡಿಮೆ ಬಿದ್ದಾಗ ಯಾರೋ ‘ಪಾಲಿಗೆ ಬಂದದ್ದು ಪಂಚಾಮೃತ’ ಎಂದರು. ಪಾಲು! ಪಾಲು ಎಂದರೆ ಹೊಲದ ಹಿಸ್ಸೆಯೂ ಹೌದು, ‘ನನ್ನ ಪಾಲಿಗೆ ಹೀಗಾಯಿತು’ ಎಂದರೆ ವಿಧಿಯೂ ಹೌದು. ಆ ಪದ ನನ್ನ ಬಾಯಲ್ಲಿ ಹುಟ್ಟಿದಂದಿನಿಂದ ಇತ್ತು, ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ.

ಉಳಿದ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ಸೊಲಾರ್ ಎಂದರೆ ಮನೆ ಕಟ್ಟುವ ನಿವೇಶನ. ನೆಲ ಎಂಬ ಅರ್ಥದ ‘ಸುವೆಲೊ’ದಿಂದ ಬಂದದ್ದು, ಸೂರ್ಯನಿಗೂ ಅದಕ್ಕೂ ಸಂಬಂಧವಿಲ್ಲ. ರಿಯಲೆಂಗಾಸ್ ಎಂದರೆ ದೊರೆಯ ಜಮೀನು, ಮುಂದೆ ಬರುವ ವಲಸಿಗರಿಗೆ ಕೊಡಲು ಇಟ್ಟುಕೊಂಡದ್ದು. ಇವು ನದಿಯ ಪೂರ್ವ ದಂಡೆಯಲ್ಲಿದ್ದವು. ಪ್ರೊಪಿಯೋಸ್ ‘ಸ್ವಂತ’ವೇ ನಿಜ, ಆದರೆ ಯಾರ ಸ್ವಂತ? ಯಾವೊಬ್ಬನದೂ ಅಲ್ಲ, ಊರಿನ ಸ್ವಂತ. ಗುತ್ತಿಗೆಗೆ ಕೊಟ್ಟು ಬಂದ ಹಣದಲ್ಲಿ ಊರ ಖರ್ಚು ನಡೆಸಲು ಇಟ್ಟ ಜಮೀನು. ನಿಘಂಟನ್ನು ನಂಬಿದರೆ ಸಾರ್ವಜನಿಕ ಜಮೀನು ಖಾಸಗಿಯಾಗಿಬಿಡುತ್ತದೆ. ಈ ತಪ್ಪು ಎಷ್ಟು ಅಪಾಯದ್ದು ಎಂದು ಇಲ್ಲಿರುವ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ‘ಎಹಿದೊ’ ಎಂದರೆ ಊರ ಬಾಗಿಲ ಆಚೆಗಿನ ಸಾಮೂಹಿಕ ನೆಲ. ನಮ್ಮ ಗೋಮಾಳ ಎಂದರೆ ಹೆಚ್ಚು ದೂರ ಹೋಗುವುದಿಲ್ಲ. ‘ಸಾಂಹಾ ಮಾದ್ರೆ’ ಎಂದರೆ ನದಿಯಿಂದ ಊರಿಗೂ ಹೊಲಗಳಿಗೂ ನೀರು ತಂದ ಮುಖ್ಯ ಕಾಲುವೆ. ‘ಮಾದ್ರೆ’ ಎಂದರೆ ತಾಯಿ. ‘ತಾಯಿಕಾಲುವೆ’ ಎಂದು ಬರೆದೆ. ತಾಯಿಬೇರು ಎನ್ನುವ ಭಾಷೆಗೆ ಅದು ಭಾರವಾಗಲಿಲ್ಲ. ಇನ್ನು ನದಿ. ಆ ನದಿಯ ಹೆಸರು ಪೊರ್ಸಿಯುಂಕುಲಾ. 1769ರಲ್ಲಿ ಆ ದಾರಿಯಲ್ಲಿ ಹೋದ ಸ್ಪೇನಿನ ತಂಡ ಇಟಲಿಯ ಒಂದು ಪುಟ್ಟ ಇಗರ್ಜಿಯ ಹಬ್ಬದ ನೆನಪಿಗೆ ಇಟ್ಟದ್ದು. ಆ ಹೆಸರಿನ ಅರ್ಥ ‘ಒಂದು ತುಂಡು ನೆಲ’. ಜಮೀನು ಹಂಚುವ ನಕ್ಷೆಗೆ ಇದಕ್ಕಿಂತ ಒಪ್ಪುವ ನದಿ ಬೇಕೆ!

ಮಿತ್ರರೇ, ಸ್ಪೇನಿನ ನೆಲ–ನೀರಿನ ಭಾಷೆಯಲ್ಲಿ ನಮಗೆ ಪರಿಚಿತವಾದ ಸದ್ದುಗಳು ಬಹಳ ಇವೆ. ಜಮೀನು ಹಂಚಲು ಬಂದ ಅಧಿಕಾರಿ ಹೊಸೆ ಅರ್ಗುವೆಲ್ಲೊ. ಅವನ ಹುದ್ದೆ ‘ಅಲ್ಫೆರೆಸ್’. ಇದು ಅರಬ್ಬಿಯ ಅಲ್–ಫಾರಿಸ್, ಕುದುರೆ ಸವಾರ. ಫಾರಿಸ್ ಎಂಬ ಹೆಸರಿನ ಹುಡುಗರು ಈ ಸಭೆಯಲ್ಲಿಯೇ ಇದ್ದಾರೆ. ಕಾಲುವೆಗೆ ಸ್ಪ್ಯಾನಿಷಿನ ಇನ್ನೊಂದು ಪದ ‘ಅಸೆಕಿಯಾ’; ಅದು ಅಸ್–ಸಾಕಿಯಾ, ನೀರುಣಿಸುವುದು. ಉರ್ದು ಕಾವ್ಯದ ‘ಸಾಕಿ’ ಅದೇ ಬೇರಿನವನು. ಅವನು ಬಟ್ಟಲಿಗೆ ಸುರಿಯುತ್ತಾನೆ, ಇದು ಹೊಲಕ್ಕೆ. ಊರ ಮುಖ್ಯಸ್ಥ ‘ಅಲ್ಕಾಲ್ದೆ’ ಎಂದರೆ ಅಲ್–ಖಾಜಿ. 711ರಿಂದ 1492ರವರೆಗೆ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಡಳಿತವಿತ್ತು. ರಾಜ್ಯ ಹೋಯಿತು, ಕಾಲುವೆಗಳೂ ಅವುಗಳ ಹೆಸರುಗಳೂ ಉಳಿದವು. ಆ ಹೆಸರುಗಳು ಅಟ್ಲಾಂಟಿಕ್ ದಾಟಿ ಕ್ಯಾಲಿಫೋರ್ನಿಯಾದವರೆಗೂ ಹೋದವು. ಇದನ್ನು ಹೆಮ್ಮೆಯಿಂದ ಎದೆ ತಟ್ಟಿಕೊಳ್ಳಲು ಹೇಳುತ್ತಿಲ್ಲ. ಪದ ಗುರುತು ಸಿಕ್ಕಿತೆಂದರೆ ಅರ್ಥವೂ ಸಿಕ್ಕಿತು ಎಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯ ಬೆಲೆಯನ್ನು ನಾನೊಮ್ಮೆ ತೆತ್ತಿದ್ದೇನೆ.

ನಾನಾಗ ಪಿ.ಯು.ಸಿ. ಓದುತ್ತಿದ್ದೆ. ನನ್ನ ಅಜ್ಜ ಹೆಬ್ಬೆಟ್ಟಿನವರು. ತಮ್ಮ ಹೊಲದ ಕಾಗದ ತಂದು, ಓದು ನೋಡೋಣ ಎಂದರು. ಹೊಲದ ಅಂಚಿನ ಎಂಟು ಗುಂಟೆಯ ಮುಂದೆ ‘ಬಿ ಖರಾಬು’ ಎಂದಿತ್ತು. ಉರ್ದು ಬಲ್ಲ ಧೈರ್ಯದಲ್ಲಿ ನಾನು, ‘ಖರಾಬ್ ಅಂದರೆ ಕೆಟ್ಟ ನೆಲ ದಾದಾ, ಬೆಳೆ ಬರೋದಿಲ್ಲ ಅಂತ ಬರೆದಿದ್ದಾರೆ ಅಷ್ಟೆ’ ಎಂದೆ. ಬೆಳೆ ಬರದಿದ್ದರೇನು, ತೆಂಗು ಬರುತ್ತದೆ ಎಂದು ಅವರು ಹದಿನಾಲ್ಕು ಸಸಿ ನೆಟ್ಟರು. ಬಿ ಖರಾಬು ಎಂದರೆ ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಅದು ಅವರದಲ್ಲ, ಯಾರೂ ಸಾಗು ಮಾಡುವಂತಿಲ್ಲ. ಸಸಿಗಳು ಆಳುದ್ದ ಬೆಳೆದ ಮೇಲೆ ಬಂಡಿದಾರಿಯ ತಕರಾರು ಬಂತು. ಅಜ್ಜ ತಮ್ಮ ಕೈಯಾರೆ ಕಡಿದರು. ‘ಓದಿದ ಮಗುವನ್ನ ಕೇಳಿಯೇ ನೆಟ್ಟಿದ್ದೆ’ ಎಂದು ಅವರು ದಾರಿಯಲ್ಲಿ ನಿಂತವರಿಗೆ ಹೇಳುತ್ತಿದ್ದುದು ಈಗಲೂ ನನ್ನ ಕಿವಿಯಲ್ಲಿದೆ. ನನಗೆ ಪದ ಗೊತ್ತಿತ್ತು. ಆ ಕಾಗದದಲ್ಲಿ ಆ ಪದ ಮಾಡುತ್ತಿದ್ದ ಕೆಲಸ ಗೊತ್ತಿರಲಿಲ್ಲ.

ಈಗ ಲಾಸ್ ಏಂಜಲೀಸಿನ ಹೆಬ್ಬೆಟ್ಟಿನವರ ಕಡೆ ಬರೋಣ. 1781ರಲ್ಲಿ ಮೆಕ್ಸಿಕೊದ ಸಿನಲೋವಾ, ಸೊನೊರಾ ಪ್ರಾಂತಗಳಿಂದ ಬಂದವರು ಹನ್ನೊಂದು ಗಂಡಸರು, ಹನ್ನೊಂದು ಹೆಂಗಸರು, ಇಪ್ಪತ್ತೆರಡು ಮಕ್ಕಳು, ಒಟ್ಟು 44 ಜನ. ಸ್ಪ್ಯಾನಿಷ್ ಊರು ಎನ್ನುತ್ತೇವೆ. ಆದರೆ ಗಂಡಸರಲ್ಲಿ ‘ಸ್ಪೇನಿನವ’ ಎಂದು ಬರೆಸಿಕೊಂಡವರು ಇಬ್ಬರೇ. ಉಳಿದವರು ಅಮೆರಿಕದ ಮೂಲನಿವಾಸಿಗಳು, ಆಫ್ರಿಕನ್ ಮೂಲದವರು, ಮಿಶ್ರ ಸಂತಾನದವರು. ಅಂದಿನ ಪಟ್ಟಿಯಲ್ಲಿ ‘ಕಾಸ್ತಾ’ ಎಂಬ ಕಾಲಂ ಇದೆ. ಅದನ್ನು ಜಾತಿ ಎಂದು ಬರೆಯಲು ಪೆನ್ನು ಎತ್ತಿ ಇಳಿಸಿದೆ. 1790ರ ಜನಗಣತಿಯ ಹೊತ್ತಿಗೆ ಅದೇ ಜನರಲ್ಲಿ ಹಲವರ ಕಾಸ್ತಾ ಬದಲಾಗಿದೆ, ‘ಇಂಡಿಯೊ’ ಇದ್ದವರು ‘ಮೆಸ್ತಿಸೊ’ ಆಗಿದ್ದಾರೆ. ಒಂಬತ್ತು ವರ್ಷದಲ್ಲಿ ಹೀಗೆ ಬದಲಾಗುವುದನ್ನು ಜಾತಿ ಎಂದು ಕರೆದರೆ ನಮ್ಮ ಓದುಗರು ನಂಬಲಾರರು!

ಮೂವರನ್ನು ಮರು ವರ್ಷವೇ ಊರಿನಿಂದ ಹೊರಹಾಕಿದರು. 1786ರ ಸೆಪ್ಟೆಂಬರಿನಲ್ಲಿ, ಗವರ್ನರ್ ಪೆದ್ರೊ ಫಾಹೆಸ್‌ನ ಆಜ್ಞೆಯಂತೆ ಅರ್ಗುವೆಲ್ಲೊ ಬಂದು, ಉಳಿದ ಎಂಟು ಮಂದಿಗೆ ಮತ್ತು ಹೊಸದಾಗಿ ಸೇರಿದ ಒಬ್ಬನಿಗೆ ವಿಧಿವತ್ತಾಗಿ ಜಮೀನು ವಹಿಸಿಕೊಟ್ಟ. ಮೊದಲು ನಿವೇಶನ, ಆಮೇಲೆ ಹೊಲ, ಕೊನೆಗೆ ದನಗಳಿಗೆ ಬರೆ ಹಾಕುವ ಮುದ್ರೆ. ಇಬ್ಬರು ಸಾಕ್ಷಿಗಳು. ಒಂಬತ್ತು ಜನರಲ್ಲಿ ಒಬ್ಬನಿಗೂ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಎಲ್ಲರೂ ಶಿಲುಬೆಯ ಗುರುತು ಹಾಕಿದರು. ಹಂಚಿಕೆಯಲ್ಲಿ ಹೆಂಗಸರ ಹೆಸರಿಲ್ಲ. ಮರುಭೂಮಿ ದಾಟಿ ಬಂದ ಹೆಂಗಸರು ಗಂಡಂದಿರ ಗುರುತಿನ ಹಿಂದೆ ನಿಂತಿದ್ದಾರೆ.

ಕಾಗದದಲ್ಲಿ ಏನಿತ್ತು? ಜಮೀನು ವಂಶಪಾರಂಪರ್ಯವಾಗಿ ನಿನ್ನದು. ಆದರೆ ಮಾರುವಂತಿಲ್ಲ, ಅಡವು ಇಡುವಂತಿಲ್ಲ. ನಮ್ಮ ಕಂದಾಯ ಭಾಷೆಯಲ್ಲಿ ಹೇಳುವುದಾದರೆ ಪರಭಾರೆ ಮಾಡುವಂತಿಲ್ಲ. ಹಾಗಿರುವಾಗ ಅವರನ್ನು ‘ಮಾಲೀಕರು’ ಎಂದು ಅನುವಾದಿಸಬಹುದೆ? ನಾನು ‘ಅನುಭವದಾರರು’ ಎಂದು ಬರೆದೆ. ನಮ್ಮ ಪಹಣಿಯ ಪದ ಇಲ್ಲಿ ಕೈಹಿಡಿಯಿತು.

ಶಿಲುಬೆಯ ಗುರುತು ಹಾಕಿದವರಲ್ಲಿ ಒಬ್ಬ ಹೊಸೆ ವನೇಗಾಸ್. 1781ರ ಪಟ್ಟಿಯ ಪ್ರಕಾರ ಅವನು ‘ಇಂಡಿಯೊ’. ಎರಡೇ ವರ್ಷದಲ್ಲಿ, 1788ರಲ್ಲಿ, ಅವನು ಆ ಊರಿನ ಮೊದಲ ಅಲ್ಕಾಲ್ದೆ ಆದ. ತನ್ನ ಹೆಸರು ಬರೆಯಲಾರದ ಮನುಷ್ಯ ಊರಿನ ಖಾಜಿ! ನ್ಯಾಯ ಹೇಳಲು ಅಕ್ಷರ ಬೇಕಾಗದ ಕಾಲವೊಂದಿತ್ತು ಎಂದು ನಾವು ಸಂತೋಷಪಡಬಹುದು. ಆದರೆ ಅವನ ಮುಂದೆ ಇಟ್ಟ ಪ್ರತಿ ಕಾಗದವನ್ನು ಬೇರೆ ಯಾರೋ ಓದಿ ಹೇಳಬೇಕಿತ್ತು, ನಾನು ಅಜ್ಜನಿಗೆ ಓದಿ ಹೇಳಿದ ಹಾಗೆ.

ಗಣಿತದ ಮಕ್ಕಳು ಸುಮ್ಮನೆ ಕೂತಿದ್ದಾರೆ, ಅವರಿಗೂ ಸ್ವಲ್ಪ ಕೊಡೋಣ. ಸ್ಪೇನಿನ ಅಳತೆ ‘ವಾರಾ’. ಊರಿಂದೂರಿಗೆ ತುಸು ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 33 ಅಂಗುಲ ಎಂದು ಹಿಡಿಯುತ್ತಾರೆ, ಅಂದರೆ ನಮ್ಮ ಗಜಕ್ಕಿಂತ ಮೂರಂಗುಲ ಕಡಿಮೆ. ಒಂಬತ್ತು ‘ವಾರಿ’ ಸೀರೆ ಎನ್ನುತ್ತಾರಲ್ಲ, ಮರಾಠಿಯ ಆ ‘ವಾರ್’ ಪೋರ್ಚುಗೀಸರ ವಾರಾದಿಂದ ಬಂದದ್ದೆಂದು ಭಾಷಾವಿದ್ವಾಂಸರು ಹೇಳುತ್ತಾರೆ. ಒಂದು ಸುವೆರ್ತೆ 200 ವಾರಾ ಉದ್ದ, 200 ವಾರಾ ಅಗಲ. ಮಕ್ಕಳು ಇದನ್ನು ಎಕರೆಗೆ ತರಲು ಒದ್ದಾಡುತ್ತಿದ್ದರು. ನಮ್ಮ ಗುಂಟೆ ಎಷ್ಟು? 33 ಅಡಿ ಉದ್ದ, 33 ಅಡಿ ಅಗಲ. ವಾರಾ 33 ಅಂಗುಲ, ಗುಂಟೆಯ ಬದಿ 33 ಅಡಿ. ಹಾಗಾದರೆ ಒಂದು ಗುಂಟೆ ಎಂದರೆ ಸರಿಯಾಗಿ ಹನ್ನೆರಡು ವಾರಾ ಚೌಕ, 144 ಚದರ ವಾರಾ! ಇದು ಕಾಕತಾಳೀಯವೇ ಸರಿ, ಆದರೆ ಎಂಥ ಅನುಕೂಲದ ಕಾಕತಾಳೀಯ. 40,000ವನ್ನು 144ರಿಂದ ಭಾಗಿಸಿದರೆ ಸುಮಾರು 278 ಗುಂಟೆ, ಅಂದರೆ 6 ಎಕರೆ 38 ಗುಂಟೆ. ಒಬ್ಬೊಬ್ಬ ವಲಸಿಗನಿಗೆ ನಿಯಮದ ಪ್ರಕಾರ ನಾಲ್ಕು ಸುವೆರ್ತೆ, ಎರಡು ನೀರಾವರಿ, ಎರಡು ಖುಷ್ಕಿ. ಒಟ್ಟು 28 ಎಕರೆಗೆ ತುಸು ಕಡಿಮೆ. ನಿವೇಶನ 20 ವಾರಾ ಅಗಲ, 40 ವಾರಾ ಉದ್ದ, ಅಂದರೆ ಐದೂವರೆ ಗುಂಟೆ. ಊರ ಚೌಕ 75ಕ್ಕೆ 100 ವಾರಾ, 1 ಎಕರೆ 12 ಗುಂಟೆ. ಈ ಲೆಕ್ಕ ಹಾಕಿದ ದಿನ ಮಕ್ಕಳಿಗೆ ಆ ದೂರದ ಹಳ್ಳಿ ಮೊದಲ ಸಲ ಕಣ್ಣಿಗೆ ಕಟ್ಟಿತು.

ಲೆಕ್ಕದಲ್ಲಿ ಒಂದು ಪದದ ಸ್ಥಾನ ಬದಲಾದರೆ ಏನಾಗುತ್ತದೆ ನೋಡಿ. ಸ್ಪೇನಿನ ಕಾನೂನಿನಲ್ಲಿ ಹೊಸ ಊರಿಗೆ ‘ನಾಲ್ಕು ಲೆಗುವಾ’ ಎಲ್ಲೆ ಎಂದಿದೆ. ಲೆಗುವಾ ಎಂದರೆ 5000 ವಾರಾ, ಎರಡೂವರೆ ಮೈಲಿಗೆ ತುಸು ಹೆಚ್ಚು, ಹರದಾರಿ ಎನ್ನೋಣ. ನಾಲ್ಕು ಚದರ ಹರದಾರಿ ಎಂದರೆ ಎರಡು ಹರದಾರಿ ಉದ್ದ, ಎರಡು ಹರದಾರಿ ಅಗಲ. ನಾಲ್ಕು ಹರದಾರಿ ಚದರ ಎಂದರೆ? ಪ್ರತಿ ಬದಿಯೂ ನಾಲ್ಕು ಹರದಾರಿ, ಒಟ್ಟು ಹದಿನಾರು ಚದರ ಹರದಾರಿ! 1834ರಲ್ಲಿ, ಆಗ ಮೆಕ್ಸಿಕೊ ಆಡಳಿತ, ಊರ ಚೌಕದ ನಡುವಿನಿಂದ ನಾಲ್ಕೂ ದಿಕ್ಕಿಗೆ ಎರಡೆರಡು ಹರದಾರಿ ಎಂದು ಎಲ್ಲೆ ಹಿಡಿದಿದ್ದರು. ಅಲ್ಲಿಗೆ ಹದಿನಾರು. 1848ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕದ ಪಾಲಾಯಿತು (ನೋಡಿ, ಮತ್ತೆ ಪಾಲು). ಜನರ ಆಸ್ತಿಯನ್ನು ಮಾನ್ಯ ಮಾಡುತ್ತೇವೆ ಎಂದು ಒಪ್ಪಂದದಲ್ಲಿ ಮಾತು ಕೊಟ್ಟರು. ಆದರೆ 1851ರ ಕಾನೂನಿನಂತೆ, ಜಮೀನು ತಮ್ಮದೆನ್ನುವವರು ಭೂ ಆಯೋಗದ ಮುಂದೆ ಬಂದು ತಾವೇ ಸಾಬೀತು ಮಾಡಬೇಕಿತ್ತು. ಕಾಗದ ಸ್ಪ್ಯಾನಿಷಿನಲ್ಲಿ, ನ್ಯಾಯ ಇಂಗ್ಲಿಷಿನಲ್ಲಿ. ಲಾಸ್ ಏಂಜಲೀಸ್ ಊರು ಹದಿನಾರು ಚದರ ಹರದಾರಿ ಕೇಳಿತು. 1856ರಲ್ಲಿ ಮಂಜೂರಾದದ್ದು ನಾಲ್ಕು, ಸುಮಾರು 17,000 ಎಕರೆ. ಎರಡೆರಡು ಹರದಾರಿ ಹೋಗಿ ದಿಕ್ಕಿಗೆ ಒಂದೊಂದೇ ಹರದಾರಿ ಉಳಿಯಿತು. ಕೇಳಿದ್ದರಲ್ಲಿ ನಾಲ್ಕರಲ್ಲಿ ಮೂರು ಪಾಲು ಬಿಟ್ಟುಹೋಯಿತು.

ಆ ನಾಲ್ಕು ಚದರ ಹರದಾರಿ ಈಗಲೂ ನೆಲದ ಮೇಲೆ ಕಾಣುತ್ತದೆ. ಅಂತರ್ಜಾಲದಲ್ಲಿ ಲಾಸ್ ಏಂಜಲೀಸಿನ ನಕ್ಷೆ ತೆಗೆದು ಹೂವರ್ ರಸ್ತೆಯನ್ನು ಹುಡುಕಿ. ಅದು ಹಳೆಯ ಊರಿನ ಪಶ್ಚಿಮದ ಎಲ್ಲೆ. ಅದರ ಒಂದು ಕಡೆ ಬೀದಿಗಳು ಓರೆಯಾಗಿವೆ, ಇನ್ನೊಂದು ಕಡೆ ನೆಟ್ಟಗೆ ಉತ್ತರ–ದಕ್ಷಿಣ. ಚೌಕದ ಬದಿಗಳಲ್ಲ, ಮೂಲೆಗಳು ನಾಲ್ಕು ದಿಕ್ಕಿಗೆ ಇರಬೇಕು, ಆಗ ಬೀದಿಗಳಿಗೆ ಗಾಳಿ ನೇರ ನುಗ್ಗುವುದಿಲ್ಲ ಎಂದು 1573ರ ಸ್ಪೇನಿನ ಕಾಯಿದೆ ಹೇಳಿತ್ತು. ಆ ಓರೆ ಅಲ್ಲಿಂದ ಬಂದದ್ದು. ಇಂದು ಕಾರು ಓಡಿಸುವವರು ಹೂವರ್ ರಸ್ತೆಯಲ್ಲಿ ಸ್ಟೀರಿಂಗ್ ತುಸು ತಿರುಗಿಸುವುದು ಆ ಹಳೆಯ ದೊರೆಯ ಗಾಳಿಯ ಚಿಂತೆಯಿಂದ ಎಂದರೆ ಮಕ್ಕಳಿಗೆ ಬಹಳ ಖುಷಿಯಾಯಿತು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅದು ನಕ್ಷೆಯಲ್ಲಿ ಇಲ್ಲದ್ದು.

ಅಲ್ಲಿ ಜನ ಬಂದದ್ದು 1781ರಲ್ಲಿ ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದು ಅರ್ಧ ಸತ್ಯ. ತೋಂಗ್ವಾ ಎಂಬ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿದ್ದರು. ಹೊಸ ಊರಿನ ಪಕ್ಕದಲ್ಲಿಯೇ ಅವರ ಯಾಂಗಾ ಎಂಬ ಹಳ್ಳಿ. ವಲಸಿಗರ ಹೊಲಗಳಲ್ಲಿ ಕೂಲಿ ಮಾಡಿದವರಲ್ಲಿ ಅವರೂ ಇದ್ದರು. ಹಂಚಿಕೆಯ ಈ ಕಾಗದಗಳಲ್ಲಿ ಅವರಿಗೆ ಒಂದು ಗೆರೆಯೂ ಇಲ್ಲ. ಅವರ ನೆಲ ‘ದೊರೆಯ ಜಮೀನು’ ಎಂಬ ಪದದ ಕೆಳಗೆ ಹೋಗಿಬಿಟ್ಟಿದೆ.

ಈ ಜಮೀನು ಹಂಚಿಕೆಗೆ ಒಂದು ವರ್ಷ ಮೊದಲು, 1785ರ ಅಕ್ಟೋಬರಿನಲ್ಲಿ, ಅಲ್ಲಿಂದ ಒಂಬತ್ತು ಮೈಲಿ ದೂರದ ಸ್ಯಾನ್ ಗೇಬ್ರಿಯಲ್ ಮಿಷನ್ನಿನ ವಿರುದ್ಧ ತೋಂಗ್ವಾ ಜನ ದಂಗೆ ಎದ್ದರು. ಮುಂದಾಳುಗಳಲ್ಲಿ ತೊಯ್ಪುರಿನಾ ಎಂಬ ಯುವತಿ ಇದ್ದಳು, ಇಪ್ಪತ್ತೈದರ ಆಸುಪಾಸಿನವಳು. ಸುದ್ದಿ ಮೊದಲೇ ತಿಳಿದಿದ್ದರಿಂದ ಸೈನಿಕರು ಅವರನ್ನು ಹಿಡಿದರು. 1786ರ ಜನವರಿಯಲ್ಲಿ ವಿಚಾರಣೆ ನಡೆಯಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು. ನೀವು ನನ್ನ ನೆಲದಲ್ಲಿ ಬಂದು ಕೂತಿದ್ದೀರಿ, ಅದಕ್ಕೆ ಕೋಪ ಎಂಬ ಅರ್ಥದ ಉತ್ತರ ಕಡತದಲ್ಲಿದೆ. ಅವಳು ಹೇಳಿದ್ದು ತನ್ನ ಭಾಷೆಯಲ್ಲಿ. ದ್ವಿಭಾಷಿ ಅದನ್ನು ಸ್ಪ್ಯಾನಿಷಿಗೆ ತಂದ, ಬರೆಯುವವ ತನ್ನ ಕ್ರಮದಲ್ಲಿ ಬರೆದುಕೊಂಡ. ಇಪ್ಪತ್ತನೇ ಶತಮಾನದಲ್ಲಿ ಒಬ್ಬರು ಅದಕ್ಕೆ ಉಪ್ಪು ಖಾರ ಹಚ್ಚಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 2003ರಲ್ಲಿ ಸ್ಟೀವನ್ ಹ್ಯಾಕೆಲ್ ಎಂಬ ಇತಿಹಾಸಕಾರರು ಮೂಲ ಕಡತಕ್ಕೆ ಮರಳಿ, ಹಚ್ಚಿದ್ದು ಯಾವುದು, ಇದ್ದದ್ದು ಯಾವುದು ಎಂದು ಬೇರ್ಪಡಿಸಿದರು. ಇಷ್ಟು ಕೈ ದಾಟಿ ಬಂದರೂ ‘ನನ್ನ ನೆಲ’ ಎಂಬ ಮಾತು ಮಾತ್ರ ಉಳಿದಿದೆ. ತೊಯ್ಪುರಿನಾಳನ್ನು ದೂರದ ಉತ್ತರದ ಮಿಷನ್ನಿಗೆ ಗಡೀಪಾರು ಮಾಡಿದರು, 1799ರಲ್ಲಿ ತೀರಿಕೊಂಡಳು. ಅವಳ ವಿಚಾರಣೆಯಾದ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಫೆರೆಸ್ ಅರ್ಗುವೆಲ್ಲೊ ನೆಲ ಅಳೆದ. ಎರಡೂ ಕಾಗದಗಳು ಒಂದೇ ಗವರ್ನರನ ಕಾಲದವು. ಒಂದರಲ್ಲಿ ‘ನನ್ನ ನೆಲ’, ಇನ್ನೊಂದರಲ್ಲಿ ‘ದೊರೆಯ ನೆಲ’. ಎರಡನ್ನೂ ಪಕ್ಕದಲ್ಲಿಟ್ಟು ಓದುವವರೆಗೆ ನನಗೆ ರಿಯಲೆಂಗಾಸ್ ಎಂಬ ಪದ ಅರ್ಥವಾಗಿರಲಿಲ್ಲ ಎಂದೇ ಹೇಳಬೇಕು.

ಮಕ್ಕಳು ತಯಾರಿಸಿದ ಕನ್ನಡ ನಕ್ಷೆಯನ್ನು ಸಭಾಂಗಣದ ಹಿಂಬದಿಯ ಗೋಡೆಗೆ ತೂಗುಹಾಕಿದ್ದೇವೆ. ಚಹಾ ವಿರಾಮದಲ್ಲಿ ದಯವಿಟ್ಟು ನೋಡಿ. ನದಿಯ ಪೂರ್ವಕ್ಕೆ ‘ದೊರೆಯ ಜಮೀನು’ ಎಂದು ಶಾಯಿಯಲ್ಲಿ ಬರೆದಿದೆ. ಅನುವಾದದಲ್ಲಿ ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ನಕ್ಷೆ ಮುಗಿದ ಮರುದಿನ ಬೆಳಿಗ್ಗೆ ನೋಡಿದರೆ, ಅಂಚಿನ ಗೆರೆಯ ಹೊರಗೆ ಯಾರೋ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಯಾಂಗಾ’ ಎಂದು ಬರೆದಿದ್ದರು. ಅಕ್ಷರ ನೋಡಿದರೆ, ‘ಸೌರಶಕ್ತಿ’ ಎಂದು ಬರೆದಿದ್ದ ಹುಡುಗನದೇ ಎಂದು ನನ್ನ ಅನುಮಾನ. ಕೇಳಲಿಲ್ಲ. ಅಳಿಸಲೂ ಇಲ್ಲ.